ಅರವತ್ತು ದಿನದ ಬಾಗಿಲು

2025ರ ಏಪ್ರಿಲ್ 1. ಮಡಿಕೇರಿಯ ಒಂದು ಹೋಟೆಲಿನಲ್ಲಿ ಒಬ್ಬ ಹೆಂಗಸು ಕಣ್ಣಿಗೆ ಬಿದ್ದಳು. ಕಂಡ ಗುರುತಿನವರು ದಂಗಾದರು. ಸರ್ಕಾರದ ಕಾಗದದಲ್ಲಿ ಆಕೆ ಸತ್ತು ವರ್ಷಗಳೇ ಆಗಿದ್ದವು. ಕೊಂದವನು ಗಂಡನೇ ಅಂತ ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರದ ಪೊಲೀಸರು ಕೇಸು ಕಟ್ಟಿದ್ದರು. ಆ ಸೀಮೆಯಲ್ಲಿ ಸಿಕ್ಕ ಯಾರದೋ ಅಸ್ಥಿಪಂಜರಕ್ಕೆ ಆಕೆಯ ಹೆಸರಿಟ್ಟಿದ್ದರು. ಗಂಡ ಕುಶಾಲನಗರದ ಹತ್ತಿರದ ಹಾಡಿಯ ಆದಿವಾಸಿ, ಕೂಲಿ ಮಾಡಿ ತಿನ್ನುವವನು. ಹೆಂಡತಿ ಕಾಣ್ತಿಲ್ಲ ಅಂತ ತಾನೇ ಠಾಣೆಗೆ ಹೋಗಿ ದೂರು ಕೊಟ್ಟವನು. ಅವನನ್ನೇ ಹಿಡಿದರು. ಸುಮಾರು ಒಂದೂವರೆ ವರ್ಷ ಜೈಲಿನಲ್ಲಿ ಕೊಳೆಸಿದರು. ಆ ಮೂಳೆ ಆಕೆಯದಲ್ಲ ಅಂತ ಡಿಎನ್‌ಎ ಪರೀಕ್ಷೆ ಹೇಳಿತು. ಆದರೂ ಕೇಸು ನಿಲ್ಲಲಿಲ್ಲ. ಸತ್ತವಳೇ ಬಂದು ಮೈಸೂರಿನ ಕೋರ್ಟಿನಲ್ಲಿ ನಿಂತ ಮೇಲೆ ನಿಂತಿತು. ಅದೇ ತಿಂಗಳು ಕೋರ್ಟು ಅವನನ್ನು ನಿರ್ದೋಷಿ ಅಂದಿತು. 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು.

ಸತ್ಯಕ್ಕೆ ಜಯ ಆಯ್ತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ಗೆಳೆಯರೆ, ನನಗೆ ಆ ನಿಟ್ಟುಸಿರು ಬರಲಿಲ್ಲ. ಆ ಹೆಂಗಸು ಅವತ್ತು ಮಡಿಕೇರಿಗೆ ಬರದೆ ಇದ್ದಿದ್ದರೆ? ಅವಳನ್ನು ಕಂಡವರು ಬೇರೆ ಹೋಟೆಲಿಗೆ ಹೋಗಿದ್ದರೆ? ಅವನನ್ನು ಉಳಿಸಿದ್ದು ಕಾನೂನಿನ ನಡಾವಳಿಯಲ್ಲ, ಒಂದು ಆಕಸ್ಮಿಕ. ಮುಂದೆ ಸಿಕ್ಕಿಬೀಳುವವನಿಗೆ ಇಂಥ ಆಕಸ್ಮಿಕ ಇರುವುದಿಲ್ಲ. ಅವನಿಗೆ ಶಿಕ್ಷೆ ಆಗುತ್ತದೆ. ಆಗ ಓದಿದವರು ಹೇಳುವ ಮಾತು ಒಂದೇ: 'ಆದ್ರೆ ಏನಾಯ್ತು, ಮೇಲಿನ ಕೋರ್ಟು ಇದೆಯಲ್ಲ!'

ಈ 'ಇದೆಯಲ್ಲ' ಅನ್ನೋ ಮಾತಿನ ಜೊತೆಗೇ ನನ್ನ ಜಗಳ.

ಮೇಲಿನ ಕೋರ್ಟು ಇದೆ. ನಮ್ಮೂರ ದೇವಸ್ಥಾನವೂ ಇತ್ತು. ಬಾಗಿಲು ತೆರೆದೇ ಇತ್ತು. ಮೆಟ್ಟಿಲು ಹತ್ತಬೇಕಾದರೆ ಏನೇನು ಮಡಿ ಬೇಕು ಅನ್ನುವುದಷ್ಟೇ ಪ್ರಶ್ನೆ. ಇವತ್ತು ಅಪೀಲಿನ ಬಾಗಿಲಿಗೂ ಒಂದು ಮಡಿ ಇದೆ. ನಕಲು ಬೇಕು, ಸೀಲು ಬೇಕು, ದಿನದ ಲೆಕ್ಕ ಬೇಕು, ವಕಾಲತ್ತು ಬೇಕು, ಪಹಣಿ ಇರುವ ಜಾಮೀನುದಾರ ಬೇಕು. ಅಕ್ಷರ, ಭೂಮಿ, ಹಣ ಈ ಮೂರನ್ನೂ ಯಾರಿಗೆ ಸಾವಿರಾರು ವರ್ಷ ಕೊಡಲಿಲ್ಲವೋ, ಅವರ ಹತ್ತಿರವೇ ಈ ಮೂರನ್ನೂ ತಾ ಅನ್ನುವುದು ಯಾವ ನ್ಯಾಯ?

ಲೆಕ್ಕ ಹಾಕಿ ನೋಡೋಣ. ಎಚ್.ಡಿ. ಕೋಟೆಯ ಒಂದು ಹಾಡಿಯವನು ಅಂತ ಇಟ್ಕೊಳ್ಳಿ. ಜೇನುಕುರುಬನೋ, ಬೆಟ್ಟಕುರುಬನೋ, ಯರವನೋ. ಇಲ್ಲ, ಕೆ.ಆರ್. ನಗರದ ಗದ್ದೆ ಬಯಲಿನ ಹೊಲೆಗೇರಿಯವನು, ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಾಕುವವನು ಅಂತಲೇ ಇಟ್ಕೊಳ್ಳಿ. ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ಅವನಿಗೆ ಶಿಕ್ಷೆ ಆಯಿತು. ಹೈಕೋರ್ಟಿಗೆ ಅಪೀಲು ಹಾಕಲು 1963ರ ಕಾಲಮಿತಿ ಕಾಯಿದೆ ಅವನಿಗೆ ಕೊಡುವುದು 60 ದಿನ. ಮರಣದಂಡನೆಯಾದರೆ 30 ದಿನ! ಕುತ್ತಿಗೆ ಹೋಗುವವನಿಗೆ ಕಡಿಮೆ ದಿನ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ.

ಮೊದಲನೆಯ ದಿನ ತೀರ್ಪು ಓದುತ್ತಾರೆ. ಅವನಿಗೆ ಅರ್ಥವಾಗುವುದು ಪೇದೆ ತೋಳು ಹಿಡಿದಾಗ. ಜೈಲು ಶಿಕ್ಷೆ ಆದವನಿಗೆ ತೀರ್ಪಿನ ನಕಲನ್ನು ಕೂಡಲೇ ಪುಕ್ಕಟೆಯಾಗಿ ಕೊಡಬೇಕು ಅಂತ ಕಾಯಿದೆ ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಅದು ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಕೊಟ್ಟರು ಅಂತಲೇ ಇಟ್ಕೊಳ್ಳಿ. ಇಂಗ್ಲಿಷಿನಲ್ಲಿ ಬಂದರೆ ಓದುವವರು ಯಾರು? ಕೇಳಿದರೆ ಅವನ ಭಾಷೆಯಲ್ಲಿ ಅನುವಾದ ಕೊಡಬೇಕು ಅಂತಲೂ ಇದೆ. ಆದರೆ ಅದರ ಬಾಲದಲ್ಲಿ 'ಸಾಧ್ಯವಿದ್ದರೆ' ಅಂತ ಒಂದು ಗಂಟು. ಜೇನುಕುರುಬ ನುಡಿಗೆ ಯಾರು ಅನುವಾದ ಮಾಡಿ ಕೊಟ್ಟಾರು? ಕನ್ನಡಕ್ಕೇ ಮಾಡಿಸಿಕೊಳ್ಳಬೇಕಾದರೆ ಅರ್ಜಿ ಕೊಡಬೇಕು. ಅರ್ಜಿ ಕೊಡಬಹುದು ಅಂತ ಅವನಿಗೆ ಹೇಳಿದವರು ಯಾರು?

ಹತ್ತನೆಯ ದಿನ ತಾಯಿ ಜೈಲಿನ ಬಾಗಿಲಿಗೆ ಬರುತ್ತಾಳೆ. ಕೋಟೆಯಿಂದ ಮೈಸೂರಿಗೆ ಬಸ್ಸು, ಒಂದು ದಿನದ ಕೂಲಿ ಹೋಯ್ತು. ಇಪ್ಪತ್ತನೆಯ ದಿನ ಯಾರೋ ಹೇಳ್ತಾರೆ, ಬೆಂಗಳೂರಿಗೆ ಹೋಗಬೇಕು ಅಂತ. ಬೆಂಗಳೂರಿನ ವಕೀಲರ ಫೀಜು ಕೇಳಿ ಆಕೆ ವಾಪಸು ಬಂದು ಕೊಡಗಿನ ಕಾಫಿ ತೋಟದ ಜೀಪು ಹತ್ತುತ್ತಾಳೆ. ಹಣ ಕೂಡಿಸೋಕೆ. ತೋಟದಿಂದ ಬರುವ ಹೊತ್ತಿಗೆ ಅರವತ್ತು ದಿನ ಮುಗಿದು ಹೋಗಿರುತ್ತದೆ. ಬಾಗಿಲು ಮುಚ್ಚಿಕೊಂಡಿತು. ನಕಲಿಗೆ ಹಿಡಿದ ದಿನ ಕಳೆದು ಲೆಕ್ಕ ಮಾಡ್ತೀವಿ, ತಡ ಆದರೆ ಮನ್ನಾ ಮಾಡ್ತೀವಿ ಅಂತ ಕಾಯಿದೆ ಸಮಾಧಾನ ಹೇಳುತ್ತದೆ. ನಿಜ, ಅದಕ್ಕೂ ಒಂದು ಅರ್ಜಿ ಇದೆ. ಒಂದು ಪ್ರಮಾಣಪತ್ರ ಇದೆ. 'ಪ್ರತಿಯೊಂದು ದಿನದ ತಡಕ್ಕೂ ಕಾರಣ ಏನು?' ಅನ್ನುವ ಪ್ರಶ್ನೆ ಇದೆ. ಅವ್ವನ ಉತ್ತರ ಒಂದೇ: 'ಗೊತ್ತಿರ್ಲಿಲ್ಲ ಬುದ್ಧಿ.' ಕಾನೂನು ಗೊತ್ತಿಲ್ಲ ಅನ್ನುವುದು ನೆಪವಲ್ಲ ಅಂತ ಕಾನೂನಿನವರು ಮೊದಲೇ ಬರೆದಿಟ್ಟಿದ್ದಾರೆ.

ಇನ್ನೊಂದು ಬಾಗಿಲಿದೆ, ಅದು ಜೈಲಿನೊಳಗೇ ಇದೆ. ಕೈದಿ ತನ್ನ ಅಪೀಲನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅವರು ಮೇಲಿನ ಕೋರ್ಟಿಗೆ ಕಳಿಸಬೇಕು. ವಕೀಲ ಬೇಡ, ಬೆಂಗಳೂರಿನ ಬಸ್ಸು ಬೇಡ. ಇದಕ್ಕೆ ಜೈಲು ಅಪೀಲು ಅಂತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೂ, ಬಂಧನದಲ್ಲಿರುವ ಯಾರಿಗೇ ಆದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ನಮ್ಮ ಹಾಡಿಯವನಿಗೆ ಎರಡೂ ಕಡೆಯಿಂದ ಹಕ್ಕಿದೆ. ಆದರೆ ಇದನ್ನು ನಮ್ಮ ಕೇರಿಗಳಲ್ಲಿ ಎಷ್ಟು ಜನ ಬಲ್ಲರು? ಓದಿದ ನಮಗೇ ಎಷ್ಟು ಜನಕ್ಕೆ ಗೊತ್ತು? ಈ ಜೈಲು ಅಪೀಲಿನಲ್ಲೂ ಒಂದು ಮುಳ್ಳು ಇಟ್ಟಿದ್ದಾರೆ. ಕೈದಿಗೆ ಮಾತಾಡಲು ಅವಕಾಶ ಕೊಡದೆ ಅದನ್ನು ತಳ್ಳಿಹಾಕಬಾರದು ಅಂತ ಒಂದು ಸಾಲು. ಆದರೆ ಅಪೀಲು ಕ್ಷುಲ್ಲಕ ಅನ್ನಿಸಿದರೆ, ಇಲ್ಲ ಅವನನ್ನು ಕರೆತರುವುದು ವಿಪರೀತ ಅನನುಕೂಲ ಅನ್ನಿಸಿದರೆ ತಳ್ಳಬಹುದು ಅಂತ ಮುಂದಿನ ಸಾಲು. ಅನನುಕೂಲವಂತೆ! ಹಿಡಿದು ಒಳಗೆ ಹಾಕುವಾಗ ಯಾರಿಗೂ ಆಗದ ಅನನುಕೂಲ ಕೇಳುವಾಗ ಆಗುತ್ತದೆ.

ಇದಕ್ಕಿಂತ ಕೆಟ್ಟ ಬಲೆ ಒಂದಿದೆ, ತಪ್ಪೊಪ್ಪಿಗೆ. ಸಣ್ಣಪುಟ್ಟ ಕೇಸಿನಲ್ಲಿ ಸಿಕ್ಕವನಿಗೆ ಸುತ್ತಲಿನವರು ಹೇಳುವ ಬುದ್ಧಿಮಾತು ಏನು? 'ಒಪ್ಕೊಂಡ್ಬುಡು ಮಾರಾಯ, ದಂಡ ಕಟ್ಟಿ ಮನೆಗೆ ಹೋಗ್ಬೌದು. ಇಲ್ದಿದ್ರೆ ವಾಯಿದೆ ವಾಯಿದೆ ಅಂತ ಅಲೀತೀಯ.' ಕೂಲಿ ಕಳೆಯುತ್ತೆ ಅಂತ ಅವನು ಒಪ್ಪಿಕೊಳ್ಳುತ್ತಾನೆ. ಮಾಡದೆ ಇದ್ದರೂ ಒಪ್ಪಿಕೊಳ್ಳುತ್ತಾನೆ. ತಪ್ಪು ಒಪ್ಪಿಕೊಂಡವನು ತಾನು ತಪ್ಪು ಮಾಡಿಲ್ಲ ಅಂತ ಅಪೀಲು ಹಾಕುವ ಹಾಗಿಲ್ಲ. ಶಿಕ್ಷೆ ಜಾಸ್ತಿಯಾಯ್ತು, ಶಿಕ್ಷೆ ಕಾನೂನಿಗೆ ಸರಿಯಿಲ್ಲ ಅಂತ ಮಾತ್ರ ಕೇಳಬಹುದು. ತಲೆಯಾಡಿಸಿದ ಆ ಒಂದು ಗಳಿಗೆಯಲ್ಲಿ ಅವನು ಮೇಲಿನ ಕೋರ್ಟನ್ನು ಕಳಕೊಂಡ. ಆ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತು 'ತಡಿಯಪ್ಪ' ಅನ್ನುವ ಒಬ್ಬ ಮನುಷ್ಯ ಇರಲಿಲ್ಲ.

ಅಪೀಲು ಹೋಯಿತು, ದಾಖಲಾಯಿತು ಅಂತಲೇ ಅಂದುಕೊಳ್ಳಿ. ಅದು ವಿಚಾರಣೆಗೆ ಬರುವ ತನಕ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಬಹುದು. ಕೊಟ್ಟರೂ ಜಾಮೀನುದಾರ ಬೇಕು. 'ಪಾಣಿ ತತ್ತಾ ಅಂದ್ರು. ಪಾಣಿ ಎಲ್ಲಿಂದ ತರನ ಬುದ್ಧಿ, ಕುಂತಿರೋ ನೆಲವೇ ಫಾರೆಸ್ಟೋರ್ದು ಅಂತಾರೆ' ಎನ್ನುತ್ತಾಳೆ ಅದೇ ಅವ್ವ. ಹುಣಸೂರು ತಾಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿ 1974ರಲ್ಲಿ ಭೂಸುಧಾರಣೆ ತಂದರು. ಗೇಣಿದಾರನಿಗೆ ಭೂಮಿ ಬಂತು. ಆದರೆ ಗೇಣಿದಾರನ ಹೊಲದಲ್ಲೂ ಕೂಲಿಯಾಗಿದ್ದವನಿಗೆ ಗೇಣಿಯೂ ಇರಲಿಲ್ಲ, ಭೂಮಿಯೂ ಬರಲಿಲ್ಲ. ಆ ದಿನ ಪಹಣಿಯಲ್ಲಿ ಹೆಸರಿಲ್ಲದವನ ಮೊಮ್ಮಗ ಇವತ್ತು ಜೈಲಿನಿಂದ ಹೊರಗೆ ಬರಲಾರ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 10,000 ರೂಪಾಯಿ ಜಾಮೀನು ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅವನ ಜಾಮೀನನ್ನು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದು ಬಡವನಿಗೆ ಮಾಡಿದ ಅನ್ಯಾಯ ಅಂದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಅದನ್ನೇ ಹೇಳಬೇಕಾಯಿತು: ಜಾಮೀನು ಸಿಕ್ಕಿದ ಮೇಲೂ ಜಾಮೀನುದಾರನಿಲ್ಲದೆ ಒಳಗೇ ಇರುವವರನ್ನು ನೋಡಿ, ಸ್ಥಳೀಯ ಜಾಮೀನುದಾರನೇ ಬೇಕು ಅಂತ ಹಟ ಹಿಡಿಯಬೇಡಿ ಅಂತ. 45 ವರ್ಷ! ಅದೇ ಮಾತನ್ನು ಎರಡು ಸಲ ಹೇಳಿಸಿಕೊಳ್ಳುವುದಕ್ಕೆ ವ್ಯವಸ್ಥೆಗೆ ನಾಚಿಕೆಯಾಗಲಿಲ್ಲ.

ಅದೇ 1978ರಲ್ಲಿ ಇನ್ನೊಂದು ತೀರ್ಪು ಬಂತು, ಹೊಸ್ಕೋಟ್ ಕೇಸು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಸುಳ್ಳು ಸೀಲು ಮಾಡಿಸಲು ಹೋಗಿ ಸಿಕ್ಕಿಬಿದ್ದ ಒಬ್ಬ ಪ್ರಾಧ್ಯಾಪಕ. ಡಾಕ್ಟರೇಟು ಪಡೆದವನು. 1973ರಲ್ಲಿ ಬೊಂಬಾಯಿ ಹೈಕೋರ್ಟು ಮೂರು ವರ್ಷ ಶಿಕ್ಷೆ ಹಾಕಿತು. ಅವನು ಸುಪ್ರೀಂ ಕೋರ್ಟಿಗೆ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ. ಯಾಕೆ ತಡ ಅಂದರೆ ತೀರ್ಪಿನ ನಕಲು ನನ್ನ ಕೈಗೆ ಬರಲಿಲ್ಲ ಅಂದ. ಕೊಟ್ಟಿದ್ದೆವು, ಬೇರೆ ಅರ್ಜಿಗೆ ಲಗತ್ತಿಸಲು ವಾಪಸು ಇಸಕೊಂಡೆವು ಅಂದರು ಜೈಲಿನವರು. ಕೊಟ್ಟಿದ್ದಕ್ಕೆ ಅವನ ರಸೀದಿ ಇರಲಿಲ್ಲ. ಅವನ ಅರ್ಜಿ ಬಿದ್ದುಹೋಯಿತು. ಆದರೆ ಕೋರ್ಟು ಒಂದು ನಿಯಮ ಮಾಡಿತು: ನಕಲನ್ನು ಬೇಗ ಪುಕ್ಕಟೆ ಕೊಡಬೇಕು, ಕೊಟ್ಟಿದ್ದಕ್ಕೆ ಕೈದಿಯಿಂದ ಬರೆಸಿಕೊಳ್ಳಬೇಕು, ಅಪೀಲಿಗೆ ಜೈಲಿನವರು ಅನುಕೂಲ ಮಾಡಿಕೊಡಬೇಕು, ಬಡವನಿಗೆ ವಕೀಲರನ್ನು ಕೊಡಬೇಕು. ಡಾಕ್ಟರೇಟು ಪಡೆದವನಿಗೇ ಒಂದು ನಕಲು ಹೀಗೆ ಕೈತಪ್ಪುವುದಾದರೆ, ಹೆಬ್ಬೆಟ್ಟಿನವನ ಗತಿ ಏನು ಅಂತ ನೀವೇ ಹೇಳಿ.

ಇದು ನಮ್ಮೂರ ರೋಗ ಮಾತ್ರ ಅಂತ ತಿಳಿಯಬೇಡಿ. 1972ರಲ್ಲಿ ಮುಂಬಯಿಯ ದಲಿತ ತರುಣರು ಪ್ಯಾಂಥರ್ ಅನ್ನುವ ಹೆಸರನ್ನು ಅಮೆರಿಕದ ಕರಿಯ ಜನರ ಹೋರಾಟದಿಂದ ತಂದರು. ಆ ಅಮೆರಿಕದ ಜೈಲುಗಳಲ್ಲಿ ಇವತ್ತಿಗೂ ಕರಿಯರು ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ಅಲ್ಲಿ ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾದವನು ಕೊನೆಗೆ ಕೇಂದ್ರದ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. 1996ರಲ್ಲಿ ಕಾಯಿದೆ ಮಾಡಿ ಅದಕ್ಕೆ ಒಂದು ವರ್ಷದ ಗಡುವು ಹಾಕಿದರು. ಅರ್ಜಿ ಬಿದ್ದರೆ ಅಪೀಲು ಹೋಗಲಿಕ್ಕೂ ಮೊದಲು ಅನುಮತಿ ಪತ್ರ ಪಡೀಬೇಕು. ಒಹಾಯೋ ರಾಜ್ಯದ ಬೌಲ್ಸ್ ಎಂಬ ಕೈದಿಯ ಕಥೆ ಕೇಳಿ. ಅಪೀಲಿನ ಅವಧಿ ತಪ್ಪಿತ್ತು. ಅವಧಿಯನ್ನು ಮತ್ತೆ ತೆರೆಯಿರಿ ಅಂತ ಕೇಳಿದ. ನಿಯಮದಲ್ಲಿ ಇದ್ದದ್ದು 14 ದಿನ. ಜಡ್ಜು ತಪ್ಪಿ 17 ದಿನ ಅಂತ ಬರೆದ. ಬೌಲ್ಸ್ ಜಡ್ಜು ಹೇಳಿದ ತಾರೀಖಿಗೆ ಒಂದು ದಿನ ಮುಂಚೆಯೇ ಅಪೀಲು ಹಾಕಿದ. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು ಜನ ಒಂದು ಕಡೆ, ನಾಲ್ಕು ಜನ ಒಂದು ಕಡೆ ಆಗಿ ತೀರ್ಪು ಕೊಟ್ಟಿತು: ಜಡ್ಜು ತಪ್ಪಿದರೂ ದಿನ ದಿನವೇ, ಅಪೀಲು ಕೇಳುವ ಹಾಗಿಲ್ಲ. ಜಡ್ಜಿನ ತಪ್ಪು, ಶಿಕ್ಷೆ ಕೈದಿಗೆ!

ಹೇಬಿಯಸ್ ಕಾರ್ಪಸ್ ಅಂದರೆ, ಹಿಡಿದವನ ದೇಹವನ್ನು ತಂದು ಕೋರ್ಟಿನ ಮುಂದೆ ನಿಲ್ಲಿಸು ಅಂತ. 1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯ ಕತ್ತಲೆಯಲ್ಲಿ, ನಮ್ಮ ಸುಪ್ರೀಂ ಕೋರ್ಟು ಆ ಬಾಗಿಲನ್ನೇ ಮುಚ್ಚಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಪದವಿ ಅವರ ಕೈತಪ್ಪಿತು. ಆ ತೀರ್ಪನ್ನು ಕೋರ್ಟೇ ಕಿತ್ತುಹಾಕಿದ್ದು 2017ರಲ್ಲಿ. ತಮಾಷೆ ನೋಡಿ, ಬಡವರಿಗೆ ಉಚಿತ ಕಾನೂನು ನೆರವು ಅನ್ನುವ 39ಎ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ್ದೂ ಅದೇ 1976ರ ತಿದ್ದುಪಡಿ. ಒಂದು ಕೈಯಲ್ಲಿ ಬಾಗಿಲು ಹಾಕಿದರು, ಇನ್ನೊಂದು ಕೈಯಲ್ಲಿ ಬೀಗದ ಕೈಯ ಚಿತ್ರ ಕೊಟ್ಟರು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದ ದೊಡ್ಡ ನಾಯಕರ ಅರ್ಜಿಗಳ ಬಗ್ಗೆ ಇಡೀ ದೇಶ ಮಾತಾಡಿತು, ಮಾತಾಡಬೇಕಾದ್ದೇ. ಆದರೆ ನಮ್ಮ ಹಾಡಿ, ಹಟ್ಟಿಗಳಲ್ಲಿ ತುರ್ತುಪರಿಸ್ಥಿತಿ ಯಾವಾಗ ತೆಗೆದರು? 2022ರಲ್ಲಿ ಎಚ್.ಡಿ. ಕೋಟೆ ಸೀಮೆಯಲ್ಲಿ ಜಿಂಕೆ ಮಾಂಸದ ಆರೋಪ ಹೊರಿಸಿ ಅರಣ್ಯ ಇಲಾಖೆಯವರು ಒಬ್ಬ ಆದಿವಾಸಿಯನ್ನು ಹಿಡಿದೊಯ್ದರು. ಅವರ ವಶದಲ್ಲಿದ್ದಾಗಲೇ ಅವನು ಸತ್ತ. ಇಲಾಖೆಯ ಸಿಬ್ಬಂದಿಯ ಮೇಲೆ ಕೇಸಾಯಿತು. ಅವನ ದೇಹ ಹೊರಗೆ ಬಂತು. ಉಸಿರು ಬರಲಿಲ್ಲ.

'ಕಾಲಮಿತಿ ಎಲ್ಲರಿಗೂ ಒಂದೇ ಅಲ್ಲವೇ?' ಅಂತ ಕೇಳುವವರಿದ್ದಾರೆ. ಒಂದೇ ಆಗಿದ್ದರೆ ನಾನು ಈ ಲೇಖನ ಬರೀತಿರಲಿಲ್ಲ. ಸರ್ಕಾರ ತಡ ಮಾಡಿದಾಗ ಏನಾಗುತ್ತದೆ? ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಅಂತ ಹೇಳಿದರೆ ಸಾಕಿತ್ತು, ಮನ್ನಾ. 2012ರಲ್ಲಿ ಅಂಚೆ ಇಲಾಖೆ 427 ದಿನ ತಡ ಮಾಡಿ ಬಂದಾಗ, ಈ ನೆಪ ಇನ್ನು ಸಾಕು ಅಂತ ಸುಪ್ರೀಂ ಕೋರ್ಟೇ ಬೇಸತ್ತು ಹೇಳಬೇಕಾಯಿತು. ಕಚೇರಿ ತುಂಬ ಗುಮಾಸ್ತರಿದ್ದವರಿಗೆ ದಿನ ಎಣಿಸಲು ಆಗಲಿಲ್ಲ. ಗೋಡೆಗೆ ಗೀರು ಎಳೆದು ದಿನ ಎಣಿಸುವವನಿಗೆ ಎಣಿಸಲು ಬರಲಿಲ್ಲ ಅಂತ ತಪ್ಪು ಹೊರಿಸುತ್ತೇವೆ!

ಇನ್ನು ಬಲಾಢ್ಯರ ಮಾತು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಕೇಸಿನಲ್ಲಿ ಹತ್ತು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಒಂದು ತಿಂಗಳಾಗುವುದರೊಳಗೆ ಅಪೀಲು ಹೋಗಿ, ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟು ಜಾಮೀನು ಕೊಟ್ಟಿತು. ಅಪೀಲು ಅವರ ಹಕ್ಕು. ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ನಾಳೆ ನಮ್ಮ ಹಕ್ಕೂ ಹೋಗುತ್ತದೆ. ನಾನು ಕೇಳುವುದು ಇಷ್ಟೇ: ಆ ವೇಗ ನಮ್ಮವನ ಕಾಗದಕ್ಕೆ ಯಾಕೆ ಬರುವುದಿಲ್ಲ?

'ಗಡುವೇ ಇಲ್ಲದಿದ್ದರೆ ಕೇಸುಗಳಿಗೆ ಕೊನೆ ಎಲ್ಲಿ?' ಅಂತಲೂ ಕೇಳುತ್ತಾರೆ. ಆಸ್ತಿ ಜಗಳಕ್ಕೆ ಕೊನೆ ಬೇಕು, ಒಪ್ಪೋಣ. ಆದರೆ ಒಳಗೆ ಕೂತವನಿಗೆ ಕೊನೆ ಯಾವುದು? ತಪ್ಪು ತೀರ್ಪನ್ನು ಬೇಗ ಮುಗಿಸಿದರೆ ಅದು ಸರಿ ಆಗಿಬಿಡುತ್ತದೆಯೇ? ಅಲ್ಲದೆ, ಮನಸ್ಸಿದ್ದರೆ ಈ ಮಡಿಯನ್ನು ಕೋರ್ಟೇ ಮುರಿದದ್ದುಂಟು. 1979ರಲ್ಲಿ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಜೊತೆಯ ಕೈದಿಗೆ ಕೊಟ್ಟ ಹಿಂಸೆಯ ಬಗ್ಗೆ ಜಡ್ಜರಿಗೆ ಒಂದು ಕಾಗದ ಬರೆದ. ಆ ಕಾಗದವನ್ನೇ ಸುಪ್ರೀಂ ಕೋರ್ಟು ಹೇಬಿಯಸ್ ಕಾರ್ಪಸ್ ಅರ್ಜಿ ಅಂತ ತಗೊಂಡಿತು. ಸ್ಟಾಂಪು ಎಲ್ಲಿ, ವಕಾಲತ್ತು ಎಲ್ಲಿ ಅಂತ ಕೇಳಲಿಲ್ಲ. ಅಂದರೆ ಅಡ್ಡಿ ಇರುವುದು ಕಾಗದದಲ್ಲಲ್ಲ, ಮನಸ್ಸಿನಲ್ಲಿ.

ಹೋರಾಡಿದರೆ ಗಡುವು ಕರಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ದಲಿತರಿಗೆ ಮಂಜೂರಾದ ಭೂಮಿಯ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯಿದೆ ಇದೆಯಲ್ಲ, ಅದರಲ್ಲಿ ಗಡುವು ಬರೆದಿರಲಿಲ್ಲ. ಆದರೂ 2017ರಲ್ಲಿ 'ತಡವಾಗಿ ಬಂದಿರಿ' ಅನ್ನುವ ಮಾತು ಸುಪ್ರೀಂ ಕೋರ್ಟಿನಿಂದ ಬಂತು. ಬೀದಿಯಲ್ಲಿ ಕೂತು ಕೇಳಿದ್ದಕ್ಕೆ 2023ರಲ್ಲಿ ವಿಧಾನಸಭೆ ತಿದ್ದುಪಡಿ ಮಾಡಿ ಕಾಲಮಿತಿ ಇಲ್ಲ ಅಂತ ಬರೆಯಿತು. ಕೋರ್ಟಿನಲ್ಲಿ ಜಗಳ ಇನ್ನೂ ಇದೆ, ಇರಲಿ. ಭೂಮಿಗೆ ಕೇಳಿದವರು ದೇಹಕ್ಕೂ ಕೇಳಬೇಕು.

ಏನು ಕೇಳೋಣ? ಶಿಕ್ಷೆಯಾದ ದಿನವೇ ತೀರ್ಪಿನ ನಕಲು ಕನ್ನಡದಲ್ಲಿ ಕೈಗೆ ಬರಬೇಕು. ಓದಲು ಬಾರದವನಿಗೆ ಅವನ ನುಡಿ ಬಲ್ಲವರಿಂದ ಓದಿ ಹೇಳಿಸಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಅಪೀಲು ಹಾಕ್ತೀಯಾ ಅಂತ ಜೈಲಿನವರು ಕೇಳಿ, ಬೇಡ ಅಂದದ್ದನ್ನೂ ವಕೀಲರ ಎದುರಿಗೇ ಬರೆದುಕೊಳ್ಳಬೇಕು. ತಪ್ಪೊಪ್ಪಿಕೊಂಡರೆ ಅಪೀಲು ಹೋಗುತ್ತದೆ ಅಂತ ಒಪ್ಪುವ ಮುಂಚೆ ಅವನಿಗೆ ತಿಳಿಸಬೇಕು. ಒಳಗಿರುವ ಬಡ ಕೈದಿಯ ಅಪೀಲು ತಡವಾದರೆ ಕಾರಣ ಹೇಳಬೇಕಾದವನು ಅವನಲ್ಲ, ಸರ್ಕಾರ. ಪಹಣಿ ಇಲ್ಲದವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು.

ಅಲ್ಲಿಯ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಸೀಮೆಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಿಮಗೆ ಒಂದು ಕೆಲಸ ಹೇಳ್ತೀನಿ. ಶಾಲೆಯ ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಿ. ನಿಮ್ಮೂರ ಕೇರಿಯಿಂದ, ಹಾಡಿಯಿಂದ ಯಾರು ಒಳಗಿದ್ದಾರೆ, ತೀರ್ಪು ಯಾವತ್ತು ಆಯಿತು, ನಕಲು ಯಾವತ್ತು ಬಂತು, ಮೂವತ್ತನೆಯ ದಿನ ಯಾವುದು, ಅರವತ್ತನೆಯ ದಿನ ಯಾವುದು ಬರೆದಿಡಿ. ಅವನ ತಾಯಿಯ ಜೊತೆ ಒಂದು ಸಲ ಮೈಸೂರಿನ ಬಸ್ಸು ಹತ್ತಿ. ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತಟ್ಟಿ. ಅದರ ದೂರವಾಣಿ ಸಂಖ್ಯೆ 15100 ಅಂತ ಶಾಲೆಯ ಗೋಡೆಗೆ ಬರೆಯಿರಿ. ಜೈಲು ಅಪೀಲು ಬರೆಯಲು ದೊಡ್ಡ ಇಂಗ್ಲಿಷು ಬೇಡ. 'ನನಗೆ ಶಿಕ್ಷೆಯಾಗಿದೆ, ನಾನು ಒಪ್ಪುವುದಿಲ್ಲ, ನನ್ನ ಮಾತು ಕೇಳಿ' ಅಂತ ಕನ್ನಡದಲ್ಲಿ ಬರೆದು, ತೀರ್ಪಿನ ನಕಲಿನ ಜೊತೆ ಜೈಲಿನ ಅಧಿಕಾರಿಗೆ ಕೊಟ್ಟರೆ ಕೆಲಸ ಶುರುವಾಗುತ್ತದೆ. ಕವಿತೆ ಬರೆಯುವ ಕೈಗೆ ಒಂದು ಅರ್ಜಿ ಬರೆಯುವುದು ಕೀಳಲ್ಲ.

ಮಡಿಕೇರಿಯ ಹೋಟೆಲಿನಲ್ಲಿ ದಿನಾ ಸತ್ತವರು ಎದ್ದು ಬರುವುದಿಲ್ಲ. ಒಳಗಿರುವವನು ಗೋಡೆಗೆ ಗೀರು ಎಳೆಯುತ್ತಾ ಇದ್ದಾನೆ. ಹೊರಗಿರುವ ನಾವು ಅವನ ಜೊತೆ ದಿನ ಎಣಿಸೋಣ. ಇವತ್ತು ಯಾರ ಎಷ್ಟನೆಯ ದಿನ?